ಇಳಿಜಾರಿನಲ್ಲಿ ಉಳಿಸಿದ ಡೀಸೆಲ್

ತಲ್ಲೂರಿನ ಉಮಾನಾಥ ಓಡಿಸುತ್ತಿದ್ದುದು ಮೀನಿನ ಪಿಕಪ್. ಬದುಕುತ್ತಿದ್ದುದು ಮಾತ್ರ ಮೈಲೇಜಿಗಾಗಿ. ಇಳಿಜಾರು ಸಿಕ್ಕಿತೆಂದರೆ ಇಂಜಿನ್ ಬಂದ್. "ಗಾಡಿ ತನ್ನಷ್ಟಕ್ಕೆ ಇಳಿವತಿಗೆ ಡೀಸೆಲ್ ಸುಡುದ್ ಎಂತಕೆ?" ಎಂಬುದು ಅವನ ವೇದಾಂತ. ಒಪ್ಪದ ಗೋವರ್ಧನನೆಂಬ ಇನ್ನೊಬ್ಬ ಡ್ರೈವರನನ್ನು ಮೂಗು ಒಡೆದು ಒಪ್ಪಿಸಿದ್ದ.

ಆ ಬೆಳಿಗ್ಗೆ ಅಮಾಸೆಬೈಲಿನ ದಾರಿ. ಪಕ್ಕದಲ್ಲಿ ಮೀನು ಮಾರುವ ಪ್ರಭಾವತಿ, ಹಿಂದೆ ಅವಳ ಅಂದಿನ ಅನ್ನವಾದ ಬಂಗುಡೆ ಬುಟ್ಟಿಗಳು. ಇಳಿಜಾರಿನಲ್ಲಿ ಉಮಾನಾಥ ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದ.

"ಹ್ವಾಯ್, ಇಂಜಿನ್ ಶುರು ಮಾಡ್ ಮಾರಾಯ! ನನ್ನನ್ ಕೊಲ್ತ್ಯಾ ಎಂತ?" ಎಂದು ಅವಳು ಕಿರುಚಿದಳು.

ತಿರುವಿನಲ್ಲಿ ಇಂಜಿನ್ನಿನ ಬಲವಿಲ್ಲದೆ ಬ್ರೇಕು ಕಲ್ಲಾಯಿತು, ಸ್ಟೇರಿಂಗ್ ಬಿಗಿಯಾಯಿತು. ಪಿಕಪ್ ಕೆಂಪು ಮುರಕಲ್ಲಿನ ಗೋಡೆಗೆ ಅಪ್ಪಳಿಸಿತು. ಅವಳ ಹಣೆ ಒಡೆಯಿತು, ಅವನ ಮುಂದಿನ ಹಲ್ಲುಗಳು ಉದುರಿದವು, ಬಂಗುಡೆಗಳು ರಸ್ತೆಪಾಲು.

ಪ್ರಭಾವತಿ ಅವನ ಕಾಲರ್ ಹಿಡಿದು ಹೊರಗೆಳೆದು, ರಕ್ತ ಒರೆಸಿಕೊಳ್ಳುತ್ತಲೇ ಖಾಲಿ ಬುಟ್ಟಿಯಿಂದ ಅದು ಮುರಿಯುವವರೆಗೂ ಬಡಿದಳು. "ಇದ್ ನಿನ್ ಮೈಲೇಜಿಗೆ! ಇದ್ ನನ್ ಮೀನಿಗೆ!"

ಸಂಜೆ ತನ್ನ ಗಾಡಿಗೆ ಹಗ್ಗ ಕಟ್ಟಿ ಪಿಕಪ್ ಎಳೆಯಲು ಬಂದವನು ಅದೇ ಗೋವರ್ಧನ. ಮುಂದಿನ ಇಳಿಜಾರಿನಲ್ಲಿ ಅವನು ತನ್ನ ಇಂಜಿನ್ ಬಂದ್ ಮಾಡಿ, ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ದೇ ಪಾಠ, ಗುರುಗಳೇ!" ಎಂದ.

ಹಿಂದಿನ ಗಾಡಿಯಲ್ಲಿ ಕೂತಿದ್ದ ಉಮಾನಾಥ ಹಲ್ಲಿಲ್ಲದ ಬಾಯಲ್ಲಿ ಬೊಬ್ಬೆ ಹಾಕಿದ: "ಹ್ವಾಯ್, ಇಂಜಿನ್ ಶುರು ಮಾಡ್ ಮಾರಾಯ!"