ಕಾಕುವಿನ ಕೈಮೇಲಿನ ಗುಡಿಸು

ಪಕ್ಕದ ಮನೆಯ ಕಾಕುವಿನ ಎಡಗೈಯ ಮೇಲೆ, ಹಸಿರು ಬಳೆಗಳ ಹಿಂದೆ, ಗಂಡನ ಹೆಸರಿನ ಹಚ್ಚೆಯಿತ್ತು. ಮೂರೂ ಅಕ್ಷರ ಮಾಸಿದ್ದವು. ಮೊದಲ ಅಕ್ಷರದ ಗುಡಿಸು ಮಾತ್ರ ಕಡುಹಸಿರು. ಆ ಗುಡಿಸು ಬಂದದ್ದು ನನ್ನಿಂದ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ ಕಾಕು. ರೇಶನ್ ಕಾರ್ಡಿನವರು ಬರಲಿ, ಮತದಾರರ ಪಟ್ಟಿಯವರು ಬರಲಿ, ಬಳೆ ಸರಿಸಿ ಕೈ ಚಾಚುವಳು. "ಓದ್ಕೊಳ್ರಿ, ಇಲ್ಲೇ ಬರದೈತಿ." ತನಗೆ ಓದು ಬಾರದಿದ್ದರೂ ಆ ಕೈಯ ಬಗ್ಗೆ ಬಲು ಠೀವಿ. ನಮ್ಮ ಧಾರವಾಡದ ಓಣಿಯಲ್ಲಿ ಆ ಕೈ ನೋಡದವರೇ ಇಲ್ಲವೆಂದು ಅವ್ವ ನಗುತ್ತಿದ್ದಳು.

ನಾನಾಗ ಎರಡನೆಯ ಇಯತ್ತೆ. ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಕಾಕುವಿನ ಗಂಡ, ನಮ್ಮ ಕಾಕಾ, ವಿಷಮಜ್ವರದಿಂದ ದವಾಖಾನೆ ಸೇರಿ ಹತ್ತು ದಿನವಾಗಿತ್ತು. ನಮ್ಮ ಕಟ್ಟೆಯ ಮೇಲೆ ಕೂತು ಅವರಿಗೆ ಗಂಜಿಯ ಡಬ್ಬಿ ಕಟ್ಟುತ್ತಿದ್ದ ಕಾಕುವಿನ ಕೈ ನೋಡಿ ಒಂದೊಂದೇ ಅಕ್ಷರ ಕೂಡಿಸಿದೆ. "ಶ... ವ... ಪ್ಪ. ಶವಪ್ಪ."

ಗುಡಿಸು ಇರಲೇ ಇಲ್ಲ. ಬಲ್ಲವರೆಲ್ಲ ಇಷ್ಟು ವರ್ಷ ಅದನ್ನು ಶಿವಪ್ಪ ಎಂದೇ ಓದಿಕೊಂಡು ಸುಮ್ಮನಿದ್ದರು. ಕಾಕು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಎದ್ದುಹೋದಳು. ಅವ್ವ ನನ್ನ ಬೆನ್ನಿಗೆ ಬಾರಿಸಿದಳು. ಕಾಕಾನಿಗೆ ಏನಾದರೂ ಆದರೆ ಅದು ನಾನು ಓದಿದ್ದರಿಂದಲೇ ಎಂದು ನನಗೆ ಖಾತ್ರಿಯಾಯಿತು.

ಮರುದಿನ ಮುಂಜಾನೆ ಕಾಕು ತಾನೇ ಬಂದು ನನ್ನೆದುರು ಕೂತಳು. ಕಣ್ಣು ಕೆಂಪಗಿದ್ದವು.

"ನೀ ತಪ್ಪು ಓದಿಲ್ಲ ಬಿಡವಾ. ಬರದದ್ದ ತಪ್ಪೈತಿ. ತಿದ್ದಾಕ ಬರ್ತೈತೇನು?"

ಶಾಯಿಯಲ್ಲಿ ಟಾಕು ಅದ್ದಿ ಗುಡಿಸು ಬರೆದೆ. ಅದು ಸೊಟ್ಟಗಾಯಿತು. "ಇರ್ಲಿ ಬಿಡು, ಐತಲ್ಲ" ಎಂದಳು. ಜಳಕ ಮಾಡಿದರೆ ಅಳಿಸುತ್ತಿತ್ತು. ದಿನಾ ಹೊಸದಾಗಿ ಬರೆಸಿಕೊಂಡೇ ದವಾಖಾನೆಗೆ ಹೋಗುವಳು. ಐದನೆಯ ದಿನ ಜ್ವರ ಇಳಿಯಿತು. ವಾರದ ಮೇಲೆ ಕಾಕಾ ಟಾಂಗಾದಿಂದ ಇಳಿದದ್ದು ನೋಡಿ ನಾನು ಬಾಗಿಲ ಹಿಂದೆ ನಿಂತು ಅತ್ತೆ. ಅಷ್ಟು ಹಗುರಾಗಿ ಮತ್ತೆಂದೂ ಅತ್ತಿಲ್ಲ.

ಮುಂದೆ ಆ ಹಚ್ಚೆ ಹೊಯ್ದವಳೇ ಓಣಿಗೆ ಬಂದಾಗ ಕಾಕು ಅವಳನ್ನು ಹಿಡಿದು ಕೂಡಿಸಿದಳು.

"ನನ್ನ ತಪ್ಪಲ್ಲಬೇ, ಚೀಟ್ಯಾಗ ಇದ್ದಂಗ ಹೊಯ್ದೇನಿ" ಎಂದಳು ಆಕೆ.

ಒಳಗಿನಿಂದ ಕಾಕಾ ಕೆಮ್ಮಿದರು. "ಚೀಟಿ ಬರದಾಂವ ನಾನ. ಮದವಿ ಗಡಿಬಿಡ್ಯಾಗ..."

"ನಿಮ್ಮ ಹೆಸರು ನಿಮಗ ಬರಿಯಾಕ ಬರ್ಲಿಲ್ಲೇನ್ರಿ?" ಸೂಜಿ ಚುಚ್ಚುತ್ತಿದ್ದರೂ ಕಾಕುವಿನ ನಗು ನಿಲ್ಲಲಿಲ್ಲ. ಗುಡಿಸು ನಾನು ಬರೆದ ಹಾಗೆಯೇ ಸೊಟ್ಟಗಿರಬೇಕೆಂದು ಹಟ ಹಿಡಿದಳು.

ನಾನು ಸಾಲೆಯ ಅಕ್ಕೋರಾದೆ. ಮಕ್ಕಳು ತಪ್ಪು ಬರೆದಾಗ ಕಾಕುವಿನ ಪ್ರಶ್ನೆಯನ್ನೇ ಕೇಳುತ್ತಿದ್ದೆ: "ತಿದ್ದಾಕ ಬರ್ತೈತೇನು?" ನಾನು ಕಲಿಸಿದ್ದರಲ್ಲಿ ಒಳ್ಳೆಯದೇನಾದರೂ ಇದ್ದರೆ ಅದು ಅವಳದು.

ಕಾಕು ತೀರಿಕೊಂಡ ದಿನ ಅವಳಿಗೆ ನೀರು ಹಾಕಿದವರಲ್ಲಿ ನಾನೂ ಇದ್ದೆ. ಅಕ್ಷರಗಳು ಸುಕ್ಕಿನಲ್ಲಿ ಕಲಸಿಹೋಗಿದ್ದವು. ಕಣ್ಣು ಮಂಜಾದ ಕಾಕಾ ಹೊಸ್ತಿಲ ಆಚೆ ಕೂತಿದ್ದರು.

"ಗುಡಿಸು ಐತೇನವಾ?"

"ಐತ್ರಿ, ಕಾಕಾ."