ಮಿಸ್ತ್ರಿ ಚಾಚಾ ಬ್ಯಾಡ ಅಂದ ನೀರು

ಹೋದ ವಾರ ಹುಮನಾಬಾದಿನ ಪೇಟೆಯಲ್ಲಿ ಡೇರೆ ಕಟ್ಟಲು ಹಗ್ಗ ಕೊಳ್ಳಲು ನಿಂತಿದ್ದೆ. ಅಂಗಡಿಯ ಮುಂದೆ ಪುಂಡಿ ನಾರಿನ ಹಗ್ಗದ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅಷ್ಟರಲ್ಲಿ ಅಕಾಲದ ಮಳೆಯ ನಾಲ್ಕು ಹನಿ ಬಿದ್ದು ಮೇಲಿನ ಸುರುಳಿ ತೊಯ್ದಿತು. ಅದರಿಂದ ಒಂದು ವಾಸನೆ ಎದ್ದಿತು... ಹುಲ್ಲು, ಕೆಸರು, ಹಳೆಯ ಗೋಣಿಚೀಲ ಎಲ್ಲ ಕಲೆತಂಥ ವಾಸನೆ. "ಎಷ್ಟು ಮಾರು ಕೊಡ್ಲಿರಿ ಅಕ್ಕಾರ?" ಎಂದು ಅಂಗಡಿಯವನು ಎರಡು ಸಲ ಕೇಳಬೇಕಾಯಿತು.

ಈ ಬೇಸಿಗೆ ರಜೆಯಲ್ಲಿ ಮೂರು ದಿನ ಎಲ್ಲಾದರೂ ಬಯಲಲ್ಲಿ ಡೇರೆ ಹಾಕಿಕೊಂಡು ಇರೋಣವೆಂದು ನನ್ನ ಗಂಡ, ಮಗಳು ಸೇರಿ ನಿರ್ಧರಿಸಿದ್ದಾರೆ. ಮಗಳಿಗೆ ಹತ್ತು ವರ್ಷ. ಅವಳದು ಒಂದೇ ಷರತ್ತು, ಈಸಲು ನೀರಿರಬೇಕು. ದಿನಾ ಸಂಜೆ ಫೋನಿನಲ್ಲಿ ಒಂದೊಂದು ಜಾಗ ತೋರಿಸುತ್ತಾಳೆ. ಎಲ್ಲವೂ ನೀಲಿ, ಎಲ್ಲವೂ ಚೆಂದ. ನಾನು ಒಂದೊಂದಕ್ಕೂ ಬೇಡವೆನ್ನುತ್ತೇನೆ. ಮೊನ್ನೆ ಅವಳು ರೇಗಿದಳು. "ನಿನಗ ಎಲ್ಲಾ ನೀರಿಗೂ ಅಂಜಿಕೇನೇ ಏನವ್ವಾ?"

ಹೌದು, ಅಂಜಿಕೆಯೇ. ಆದರೆ ಅದು ಬರೀ ನೀರಿನ ಅಂಜಿಕೆಯಲ್ಲ.

ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದಲ್ಲಿ ನಮ್ಮ ಮನೆಗೂ ಪಕ್ಕದ ಮಿಸ್ತ್ರಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೊಲದ ಬಾವಿಗಳಿಗೆ ಮೋಟರ್ ಇಳಿಸುವುದು, ಕೆಟ್ಟರೆ ಮೇಲೆತ್ತಿ ದುರಸ್ತಿ ಮಾಡುವುದು ಅವರ ಕೆಲಸ. ಊರವರು ಮಿಸ್ತ್ರಿ ಎನ್ನುತ್ತಿದ್ದರು. ಓಣಿಯ ಮಕ್ಕಳಿಗೆ ಅವರು ಮಿಸ್ತ್ರಿ ಚಾಚಾ. ಸೊಂಟಕ್ಕೆ ಪುಂಡಿ ಹಗ್ಗ ಬಿಗಿದುಕೊಂಡು ಬಾವಿಗೆ ಇಳಿಯುವರು. ಸಂಜೆ ಬಂದು ಆ ಒದ್ದೆ ಹಗ್ಗವನ್ನು ನಮ್ಮಿಬ್ಬರ ಮನೆಯ ನಡುವಿನ ಗೋಡೆಯ ಮೇಲೆ ಒಣಹಾಕುವರು. ಯಾವ ಬಾವಿ ಎಷ್ಟು ಆಳ, ಯಾವ ಹಳ್ಳದ ತಳದಲ್ಲಿ ಕಲ್ಲು, ಯಾವುದರಲ್ಲಿ ಹೂಳು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ಕಟ್ಟಿದ ಗಂಟಿಗೆ ಆಳೆತ್ತರದ ಕಬ್ಬಿಣದ ಪೈಪು, ಮೋಟರ್ ಎಲ್ಲ ತೂಗಾಡುತ್ತಿದ್ದವು.

ನನ್ನ ಅಪ್ಪನದು ಬಟ್ಟೆ ಅಂಗಡಿ. ಸೊಲ್ಲಾಪುರದ ಗಿರಾಕಿಯೊಬ್ಬರು ರಜೆಯಲ್ಲಿ ಮನೆಮಂದಿಯೆಲ್ಲ ಡೇರೆ ಹಾಕಿಕೊಂಡು ನೀರಿನ ಹತ್ತಿರ ಇದ್ದು ಬಂದ ಸುದ್ದಿ ಹೇಳಿದ್ದೇ ತಡ, ಅಪ್ಪನಿಗೂ ಹುಚ್ಚು ಹಿಡಿಯಿತು. ನಾನಾಗ ಒಂಬತ್ತು ವರ್ಷದವಳು. ನಮ್ಮ ಮನೆಯವರು, ಚಾಚಾನ ಮನೆಯವರು, ಒಂದು ಬಾಡಿಗೆ ಟೆಂಪೋ, ಎರಡು ತಾಡಪಾಲು, ಒಂದು ಗಂಟು ಸಜ್ಜೆ ರೊಟ್ಟಿ. ಹೊರಟೆವು.

ನೀರು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು. ಮೊದಲು ಒಂದು ಕೆರೆ. ಚಾಚಾ ಉದ್ದನೆಯ ಬಿದಿರಿನಿಂದ ದಂಡೆಯ ನೀರನ್ನು ಚುಚ್ಚಿ ನೋಡಿದರು. ಬಿದಿರು ಮೊಳದುದ್ದ ಕೆಸರಿನೊಳಗೆ ಇಳಿಯಿತು. "ಬ್ಯಾಡ್ರಿ, ಕಾಲು ಹಿಡೀತದ" ಎಂದರು. ಆಮೇಲೆ ಘಾಟಬೋರಾಳದ ಕಡೆಗೆ ಹೋಗುವಾಗ ಕಲ್ಲು ತೆಗೆದು ಬಿಟ್ಟಿದ್ದ ಒಂದು ಖಣಿ ಸಿಕ್ಕಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅಪ್ಪ ಅಂಗಿಯ ಗುಂಡಿ ಬಿಚ್ಚಲು ಶುರುಮಾಡಿಯೇಬಿಟ್ಟರು. ಚಾಚಾ ಹಗ್ಗದ ತುದಿಗೆ ಕಲ್ಲು ಕಟ್ಟಿ ಒಳಗೆ ಬಿಟ್ಟರು. ಹಗ್ಗ ಇಳಿಯಿತು, ಇಳಿಯಿತು... ತಳ ಸಿಗಲಿಲ್ಲ. ಮತ್ತೆ ಬೇಡವೆಂದರು.

"ಮಿಸ್ತ್ರಿ, ನಿಮ್ಮ ಮಾತು ಕೇಳಿದ್ರ ನಾವು ಬಚ್ಚಲದಾಗ ಈಸಬೇಕಾಗ್ತದ!" ಎಂದು ಅಪ್ಪ ನಕ್ಕರು. ನಗೆಯ ಕೆಳಗೆ ಸಿಟ್ಟಿತ್ತು.

ಕಡೆಗೆ ಮೋರಖಂಡಿಯ ಕಡೆ, ಹಳ್ಳವೊಂದರಲ್ಲಿ, ಅವರ ಮನಸ್ಸಿಗೆ ಬಂದ ಜಾಗ ಸಿಕ್ಕಿತು. ನೀರಿನ ಕೆಳಗೆ ಅಗಲವಾದ ಕೆಂಪು ಕಲ್ಲಿನ ಹಾಸು; ನನ್ನ ಸೊಂಟದ ತನಕ ಮಾತ್ರ ನೀರು. ಆ ಹಾಸು ಒಂದು ಕಡೆ ಥಟ್ಟನೆ ಮುಗಿದು ಆಳವಾದ ಮಡುವಿತ್ತು. ಚಾಚಾ ಅಲ್ಲಿಗೆ ಅಡ್ಡಲಾಗಿ ಈ ದಂಡೆಯ ಜಾಲಿಗಿಡದಿಂದ ಆ ದಂಡೆಯ ಗಿಡಕ್ಕೆ ಹಗ್ಗ ಕಟ್ಟಿದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, "ಈ ಹಗ್ಗದ ಈಚೆ ನಿಮ್ಮದು. ಆಚೆ ನಿಮ್ಮದಲ್ಲ" ಎಂದರು. ಆ ದಿನ ಕತ್ತಲಾಗುವ ತನಕ ನಾವು ನೀರು ಬಿಟ್ಟು ಬರಲಿಲ್ಲ.

ಮರುದಿನ ಮಧ್ಯಾಹ್ನ ಚಾಚಾ ನಮಾಜಿಗೆಂದು ಹಳ್ಳದ ಮೇಲುಗಡೆ ಹೋಗಿದ್ದರು. ಅವ್ವ ಮತ್ತು ಚಾಚಾನ ಹೆಂಡತಿ ಖಾಲಾ ಡೇರೆಯ ಹಿಂದೆ ಅಡುಗೆಯಲ್ಲಿದ್ದರು. ಅಪ್ಪ ನೀರಿಗೆ ಇಳಿದವರೇ ಸೀದಾ ಜಾಲಿಗಿಡದ ಹತ್ತಿರ ಹೋಗಿ ಹಗ್ಗದ ಗಂಟು ಬಿಚ್ಚಿದರು. ಬಿಗಿಯಾದ ಗಂಟು, ಹಲ್ಲಿನಿಂದ ಎಳೆದು ಬಿಚ್ಚಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. "ಬಾ, ನಾ ಹಿಡ್ಕೋತೀನಿ" ಎಂದು ಕೈ ಚಾಚಿದರು. ನಾನು ಹೋದೆ.

ನಾಲ್ಕು ಹೆಜ್ಜೆಯಾಗಿತ್ತೇನೋ, ಕಾಲ ಕೆಳಗೆ ಕಲ್ಲು ಇರಲಿಲ್ಲ. ಅಪ್ಪನ ಕೈಯೂ ಇರಲಿಲ್ಲ. ಕಿವಿಯಲ್ಲಿ ನೀರು ಭೋರ್ಗರೆಯುತ್ತಿತ್ತು. ಮೇಲೆ ಬಂದಾಗೊಮ್ಮೆ ಅಪ್ಪನ ಮುಖ ಕಂಡಿತು. ಅವರೂ ಬಾಯಿ ತೆರೆದು ಗಾಳಿಗಾಗಿ ಒದ್ದಾಡುತ್ತಿದ್ದರು. ದಂಡೆಯಲ್ಲಿ ಚಾಚಾ ಓಡಿ ಬರುತ್ತಿದ್ದರು. "ಜಿಗೀರಿ ಮಿಸ್ತ್ರಿ, ಜಿಗೀರಿ!" ಎಂದು ಅಪ್ಪ ಕೂಗಿದರು.

ಅವರು ಜಿಗಿಯಲಿಲ್ಲ. ಡೇರೆಯ ಬಳಿಯಿದ್ದ ಇನ್ನೊಂದು ಹಗ್ಗವನ್ನು ಎಳೆದುಕೊಂಡು, ಗಿಡಕ್ಕೊಂದು, ತಮ್ಮ ಸೊಂಟಕ್ಕೊಂದು ಗಂಟು ಹಾಕಿ, ಉಳಿದ ತುದಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿಕೊಂಡು ಕಲ್ಲುಹಾಸಿನ ಅಂಚಿನ ತನಕ ನಡೆದು ಬಂದರು. ತೊಡೆಮಟ್ಟದ ನೀರಿನಲ್ಲಿ ನಿಂತು ಡಬ್ಬಿ ಎಸೆದರು. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. "ನನ್ನ ನೋಡಬ್ಯಾಡ ಬೇಟಾ, ಡಬ್ಬಿ ನೋಡು!" ಎಂದು ಅರಚಿದರು. ಮೂರನೆಯ ಸಲ ನನ್ನ ಕೈಗೆ ಸಿಕ್ಕಿತು. ನನ್ನನ್ನು ಎಳೆದು ಹಾಸಿನ ಮೇಲೆ ನಿಲ್ಲಿಸಿ ಮತ್ತೆ ಅಪ್ಪನಿಗೆ ಎಸೆದರು.

ನೀರು ಕಾರಿಕೊಂಡು ಎದ್ದು ಕೂತ ಅಪ್ಪ ಮೊದಲು ಆಡಿದ ಮಾತು, "ನಿಂತು ನೋಡಿದ್ರಿ. ಹಗ್ಗ ಸೈತ ನೆಟ್ಟಗ ಕಟ್ಟಲಿಲ್ಲ. ಬಿಚ್ಕೊಂಡಿತ್ತು."

ಚಾಚಾ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

ಅಷ್ಟೇ ಆಗಿದ್ದರೆ... ಆದರೆ ಅಪ್ಪ ಆ ಮಾತನ್ನು ಅಲ್ಲಿಗೆ ಬಿಡಲಿಲ್ಲ. ಅಂಗಡಿಯಲ್ಲಿ, ಚಹದ ಹೋಟೆಲಿನಲ್ಲಿ, ಸಿಕ್ಕವರ ಮುಂದೆಲ್ಲ ಹೇಳಿದರು: ಮಿಸ್ತ್ರಿ ಕಟ್ಟಿದ ಗಂಟು ಬಿಚ್ಚಿಕೊಂಡು ನನ್ನ ಮಗಳು ಹೋಗೇಬಿಡ್ತಿದ್ದಳು. ಗಂಟನ್ನೇ ನಂಬಿ ಬದುಕುವ ಮನುಷ್ಯನಿಗೆ ಅದಕ್ಕಿಂತ ಕೆಟ್ಟ ಮಾತು ಇನ್ನೇನಿದೆ? ರೈತರು ಒಬ್ಬೊಬ್ಬರಾಗಿ ಬೇರೆಯವರನ್ನು ಕರೆಯತೊಡಗಿದರು. ಗೋಡೆಯ ಮೇಲೆ ಹಗ್ಗ ಒಣಗುವುದು ಅಪರೂಪವಾಯಿತು. ರಂಜಾನಿಗೆ ಅವರ ಮನೆಯಿಂದ ಬರುತ್ತಿದ್ದ ಶುರುಕುಂಬಾ ಪಾಯಸ ನಿಂತಿತು. ಮಗಳ ಮದುವೆಯಾದ ಮೇಲೆ ಚಾಚಾ, ಖಾಲಾ ಮನೆ ಖಾಲಿ ಮಾಡಿ ಹುಲಸೂರಿಗೆ, ಮಗಳ ಊರಿಗೇ ಹೋದರು. ಅಷ್ಟು ವರ್ಷಗಳಲ್ಲಿ ನಾನು ಒಂದು ದಿನವೂ ಬಾಯಿ ಬಿಡಲಿಲ್ಲ. ಮೊದಲು ಅಪ್ಪನ ಭಯ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂಬ ಭಯ.

ಎರಡು ವರ್ಷದ ಹಿಂದೆ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಚಾಚಾ ಸಿಕ್ಕರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹೇಳಿದೆ. ಕುಳಿತಲ್ಲಿಂದ ಎದ್ದು ನಿಂತು ತಲೆಯ ಮೇಲೆ ಕೈಯಿಟ್ಟರು. ನನಗೆ ತಡೆಯಲಾಗಲಿಲ್ಲ.

"ಚಾಚಾ, ಆವತ್ತು ಗಂಟು ಅಪ್ಪನೇ ಬಿಚ್ಚಿದ್ದು. ನಾ ನೋಡೀನಿ."

"ಗೊತ್ತದ ಬೇಟಾ" ಎಂದರು. "ತಾನಾಗೇ ಬಿಚ್ಚೂ ಗಂಟಲ್ಲ ಅದು."

"ಮತ್ತ ಯಾಕ ಸುಮ್ಮನಿದ್ರಿ?"

"ನಾ ಮಾತಾಡಿದ್ರ ನಿನ್ನ ಸಾಕ್ಷಿ ಕರೀತಿದ್ರು. ಒಂಬತ್ತು ವರ್ಷದ ಕೂಸು, ಅಪ್ಪನ ಎದುರಿಗೆ ಹ್ಯಾಂಗ ನಿಲ್ತಿದ್ದಿ?" ಆಮೇಲೆ ದನಿ ತಗ್ಗಿಸಿದರು. "ಜಿಗೀಲಿಲ್ಲ ಅಂದದ್ದು ಮಾತ್ರ ಖರೆ. ನನಗ ಈಸಾಕ ಬರೂದಿಲ್ಲ. ಬಾವಿ ಮಿಸ್ತ್ರಿ ಇದನ್ನ ಯಾರ ಮುಂದ ಹೇಳಬೇಕು?"

ಈಸಲು ಬಾರದ ಮನುಷ್ಯ ಅಂದು ಆ ಅಂಚಿನ ತನಕ ನಡೆದು ಬಂದಿದ್ದರು. ಹುಲಸೂರಿನ ಬಸ್ಸು ಬಂತು. ಹತ್ತುವ ಮುನ್ನ ಅವರು ಹೇಳಿದ್ದು ಒಂದೇ ಮಾತು. "ನಿಮ್ಮಪ್ಪಾರಿಗೆ ಕೇಳಾಕ ಹೋಗಬ್ಯಾಡವ್ವ. ವಯಸ್ಸಾಗ್ಯದ."

ಕಳೆದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರೆಂದು ಅವರ ಮಗಳು ಫೋನು ಮಾಡಿದಳು. ಅಪ್ಪನಿಗೆ ತಿಳಿಸಿದೆ. ಏನೂ ಹೇಳಲಾರರು ಎಂದುಕೊಂಡಿದ್ದೆ. "ನಾನೂ ಬರ್ತೀನಿ" ಎಂದರು. ಹುಲಸೂರಿನಲ್ಲಿ ನಾನು ಖಾಲಾನ ಪಕ್ಕದಲ್ಲಿ ಕುಳಿತೆ. ಅಪ್ಪ ಕೋಲೂರಿಕೊಂಡು ಖಬರಸ್ತಾನದ ತನಕ ಜನರ ಹಿಂದೆ ನಡೆದು ಹೋಗಿ, ಎಲ್ಲರಿಗಿಂತ ಕೊನೆಗೆ ಹಿಂತಿರುಗಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು, "ಆ ಗಂಟು ನಾನೇ ಬಿಚ್ಚಿದ್ದೆ."

"ನನಗ ಗೊತ್ತದಪ್ಪಾ."

"ಅವರಿಗೆ?"

ಚಾಚಾನ ಮಾತು ನೆನಪಿತ್ತು. ಆದರೂ ಸುಳ್ಳಾಡಲು ನನ್ನಿಂದ ಆಗಲಿಲ್ಲ. "ಅವರಿಗೂ ಗೊತ್ತಿತ್ತು" ಎಂದೆ. ಅಪ್ಪ ಹೆಗಲ ಮೇಲಿನ ಟವೆಲನ್ನು ಮುಖದ ಮೇಲೆ ಎಳೆದುಕೊಂಡರು. ಬಸವಕಲ್ಯಾಣ ಬರುವ ತನಕ ತೆಗೆಯಲಿಲ್ಲ.

ನಿನ್ನೆ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಫೋನು ಕೆಳಗಿಟ್ಟು ಕೇಳಿಸಿಕೊಂಡಳು. ನಾಡಿದ್ದು ಹೊರಡಬೇಕು, ಜಾಗ ಇನ್ನೂ ಗೊತ್ತಾಗಿಲ್ಲ. ಗಂಡ ಇಬ್ಬರು ಮೂವರನ್ನು ವಿಚಾರಿಸಿದ್ದಾರೆ. ಒಬ್ಬರು ಆಳವಿಲ್ಲ ಎಂದರೆ ಇನ್ನೊಬ್ಬರು ಇದೆ ಎನ್ನುತ್ತಾರೆ. ಯಾರ ಮಾತೂ ನನ್ನ ಎದೆಗೆ ಇಳಿಯುತ್ತಿಲ್ಲ. ಇಂದು ಬೆಳಿಗ್ಗೆ, ಚಾಚಾ ಈಗಿಲ್ಲ ಎಂಬುದು ನೆನಪಾಗುವ ಮೊದಲೇ, ಹುಲಸೂರಿಗೆ ಹೋಗಿ ಅವರನ್ನೇ ಒಂದು ಮಾತು ಕೇಳಿ ಬಂದರಾಯಿತು ಎಂದುಕೊಂಡು ಚಪ್ಪಲಿಯಲ್ಲಿ ಕಾಲಿಟ್ಟಿದ್ದೆ... ಬಾಗಿಲಲ್ಲಿ ಹಾಗೇ ನಿಂತುಬಿಟ್ಟೆ.