ಒಂದೇ ಗಾಲಿಯ ಸೈಕಲ್ಲಿಗೆ ಹಲ್ಲು ನೋಡಿದ್ದು

ಎತ್ತನ್ನು ಪರೀಕ್ಷೆ ಮಾಡುವ ಹಾಗೆ ಸೈಕಲ್ಲನ್ನು ಪರೀಕ್ಷೆ ಮಾಡಿದ ಗಂಡಸು ಅಫಜಲಪುರ ತಾಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ. ಗಂಡಸು ಅಂದೆನಾದರೂ ಆಗ ನನಗೆ ಹನ್ನೊಂದು ವರ್ಷ. ಚಡ್ಡಿಯ ಗುಂಡಿ ನೆಟ್ಟಗೆ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಊರಿಗೆಲ್ಲ ಬುದ್ಧಿ ಹೇಳಲು ಬರುತ್ತಿತ್ತು. ಅದೂ ಎರಡು ಗಾಲಿಯ ಸೈಕಲ್ಲಲ್ಲ, ಒಂದೇ ಗಾಲಿಯದು. ಮೂರ್ಖತನಕ್ಕೆ ಒಂದು ಗಾಲಿ ಸಾಕು ನೋಡಿ.

ಆಗೆಲ್ಲ ನಮ್ಮ ಅತನೂರಿಗೆ ಚಳಿ ಬಂತೆಂದರೆ ಹೊಲದಲ್ಲಿ ಜೋಳ ಹಾಲುಗಾಳು ಕಟ್ಟುತ್ತಿತ್ತು. ಸಗಣಿ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ತಿಕ್ಕಿ, ಬಿಸಿ ಸೀತನಿ ಕಾಳಿಗೆ ಶೇಂಗಾ ಹಿಂಡಿಯ ಪುಡಿ, ಬೆಲ್ಲ ಕೂಡಿಸಿ ತಿನ್ನುತ್ತಿದ್ದೆವು. ಸಾಲಿಯಲ್ಲಿ ಪಾಠ ಕೇಳುವುದಕ್ಕಿಂತ ಅಂಗೈಯ ಹೊಗೆ ವಾಸನೆ ಮೂಸುವುದೇ ಹೆಚ್ಚಾಗುತ್ತಿತ್ತು. ಅದೇ ಹೊತ್ತಿಗೆ ಸೈಕಲ್ ಆಟದವರು ಬರುತ್ತಿದ್ದರು. ಬಯಲಲ್ಲಿ ಬಿದಿರು ನೆಟ್ಟು, ಮೈಕು ಕಟ್ಟಿ, ಒಬ್ಬ ಮನುಷ್ಯ ಐದು ದಿನ ಸೈಕಲ್ಲಿನಿಂದ ಇಳಿಯದೆ ಸುತ್ತುತ್ತಿದ್ದ. ಅದರ ಮೇಲೇ ಸ್ನಾನ, ಅದರ ಮೇಲೇ ಊಟ. ಮಿಕ್ಕಿದ್ದೆಲ್ಲ ಯಾವಾಗ ಎಂಬ ಚರ್ಚೆಯಲ್ಲಿ ನಾವು ಚಿಣಿಫಣಿ ಆಡುವುದನ್ನೂ ಮರೆಯುತ್ತಿದ್ದೆವು.

ಆ ವರ್ಷ ಬಂದವನು ಆಳಂದದ ಕಡೆಯವನು, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಕೊನೆಯ ದಿನ ಅವನು ತನ್ನ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಒಂದೇ ಗಾಲಿಯ ಸೈಕಲ್ ಓಡಿಸಿದ. ನನ್ನ ಪಕ್ಕದಲ್ಲಿ ನಿಂತಿದ್ದ ಶರಣ್ಯಾ ಬಾಯಿ ತೆರೆದುಕೊಂಡು ನೋಡಿದ. ಶರಣ್ಯಾ ನನ್ನ ಜೀವದ ಗೆಳೆಯ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತಿದ್ದೆನಾದ್ದರಿಂದ ಅವನ ಬಾಯಿ ತೆರೆದದ್ದನ್ನು ನಾನು ನೋಡಿದ್ದೇ ಅಪರೂಪ.

"ಗ್ಯಾದರಿಂಗ್‌ನಾಗ ನಾ ಇದನ್ನ ಆಡ್ತೇನಿ ನೋಡ್ಲೇ ಮಲ್ಯಾ," ಅಂದ. ಗ್ಯಾದರಿಂಗ್ ಎಂದರೆ ನಮ್ಮ ಸಾಲಿಯ ವರ್ಷದ ಕಾರ್ಯಕ್ರಮ, ಇನ್ನು ಒಂದೂವರೆ ತಿಂಗಳಿತ್ತು.

ಉಸ್ತಾದ್ ಜೇವರ್ಗಿಗೆ ಹೊರಡುವ ಮುಂಚೆ ಎರಡು ಒಂಟಿಗಾಲಿ ಸೈಕಲ್ಲುಗಳನ್ನು ಕೊಟ್ಟುಬಿಡಲು ಹೊರಗಿಟ್ಟಿದ್ದ. ಎರಡೂ ಅವನೇ ಹಳೆ ಸಾಮಾನು ಕೂಡಿಸಿ ಮಾಡಿದ ಅಗ್ಗದವು. ಬದಲಿಗೆ ಅವನು ಕೇಳಿದ್ದು ರೊಕ್ಕವಲ್ಲ. ಕೂಸಿನ ಹಾಲಿಗೆಂದು ಅವನ ಹೆಂಡತಿಗೆ ಒಂದು ಆಡು ಬೇಕಿತ್ತು. ಶರಣ್ಯಾನ ಹತ್ತಿರ ಒಂದು ಆಡು ಇತ್ತು. ಮರಿಯಿದ್ದಾಗ ಅವನ ಸೋದರತ್ತಿ ಕೊಟ್ಟದ್ದು, ಅವನೇ ಸಾಕಿದ್ದು. ಅವರ ಮನೆಯ ಚಹಾಕ್ಕೆ ಅದರದೇ ಹಾಲು.

ಅವನ ಅವ್ವ ಗೌರಮ್ಮತ್ತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಆಡ ನಿಂದು, ಬ್ಯಾಡ ಅನ್ನಂಗಿಲ್ಲ. ಆದ್ರ ತಿಳಿದವ್ರಿಗಿ ತೋರ್ಸಿ ತಗೋ. ಹೋದ ಆಡ ತಿರುಗಿ ಬರಂಗಿಲ್ಲಪ್ಪಾ."

"ನಾ ಇದ್ದೇನಲ್ರಿ ಅತ್ತಿ!" ಅಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಮ್ಮ ಮುತ್ಯಾ, ಅಂದರೆ ಅಜ್ಜ, ಎತ್ತು ನೋಡುವುದರಲ್ಲಿ ಹೆಸರಾದವನು. ದನದ ಸಂತೆಯಲ್ಲಿ ಅವನು ಹೂಂ ಅಂದರೆ ಎತ್ತು ಕೈ ಬದಲಾಗುತ್ತಿತ್ತು. ಅವನ ಧೋತರದ ಚುಂಗು ಹಿಡಿದು ತಿರುಗಿದ ನನಗೆ ಎಲ್ಲ ಬಾಯಿಪಾಠ: ಮೈ ಮಿಂಚಬೇಕು, ಹಲ್ಲು ಪೂರಾ ಇರಬೇಕು, ಗೊರಸು ಗಟ್ಟಿ ಇರಬೇಕು, ನಡೆಸಿ ನೋಡಬೇಕು. ಇಷ್ಟು ಗೊತ್ತಿದ್ದವನಿಗೆ ಸೈಕಲ್ ಯಾವ ಲೆಕ್ಕ?

ಬಯಲಿಗೆ ಹೋದಾಗ ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಒಂದು ಸೈಕಲ್ ಕೆಂಪು ಬಣ್ಣ ಬಳಿದದ್ದು, ಸೀಟಿಗೆ ಹಳದಿ ಗೊಂಡೆ. ಇನ್ನೊಂದು ತುಕ್ಕು ಹಿಡಿದದ್ದು, ಸೀಟು ಹರಿದದ್ದು. ಶರಣ್ಯಾ ಸುಮ್ಮನೆ ಕುಕ್ಕರಗಾಲಲ್ಲಿ ಕೂತು ತುಕ್ಕಿನದನ್ನು ಎತ್ತಿ ಹಿಡಿದು ಗಾಲಿ ತಿರುಗಿಸಿದ. ಅದು ಸಪ್ಪಳವಿಲ್ಲದೆ ತಿರುಗಿತು, ತಿರುಗುತ್ತಲೇ ಇತ್ತು. ಅಂಚಿನ ಹತ್ತಿರ ಬೆರಳು ಹಿಡಿದು ನೋಡಿದ.

"ಇದು ಅಲುಗಾಡವಲ್ದು ನೋಡ್ಲೇ."

"ಅದರ ಮೈ ನೋಡು ಲೇ! ಹುರುಕ ಹತ್ತಿದಂಗ ಅದ. ಇಂಥಾ ಎತ್ತ ನಮ್ಮ ಮುತ್ಯಾ ಅಂಗಳದಾಗ ಸೈತ ನಿಂದ್ರಸಂಗಿಲ್ಲ," ಅಂದೆ. ಮಂದಿ ನಕ್ಕರು. ಮಂದಿ ನಕ್ಕರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಕೆಂಪು ಸೈಕಲ್ಲಿನ ಮೈ ಸವರಿದೆ. "ತೊಗಲ ಛಲೋ ಅದ." ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿದೆ. "ಹಲ್ಲ ಪೂರಾ ಅವ." ಟೈರಿಗೆ ಹೆಬ್ಬೆರಳು ಒತ್ತಿದೆ. "ಗೊರಸ ಗಟ್ಟಿ ಅದ." ಯಾರೋ ಕೂಗಿದರು: "ಏ ಮಲ್ಯಾ, ಬಾಲ ಎತ್ತಿ ನೋಡೋ!"

ಉಸ್ತಾದ್ ಬಿದ್ದುಬಿದ್ದು ನಕ್ಕ. "ಅರೇ ಬೇಟಾ, ಇದು ಸೈಕಲ್ ಅದ, ಎತ್ತ ಅಲ್ಲ!"

"ನಡಿಸಿ ತೋರಸ್ರಿ ಮೊದ್ಲ," ಅಂದೆ ಗತ್ತಿನಿಂದ.

ಅವನು ಹಾರಿ ಕೂತು ಹಿಂದೆ ಮುಂದೆ ಕುಣಿಸಿ ತೋರಿಸಿದ. ಆ ಮನುಷ್ಯ ರೊಟ್ಟಿ ಹಂಚಿನ ಮೇಲೆ ಕೂತರೂ ಜೇವರ್ಗಿ ಮುಟ್ಟುತ್ತಿದ್ದ, ಅವನ ನಡಿಗೆ ನೋಡಿ ಸೈಕಲ್ಲಿನ ಗುಣ ಹೇಗೆ ತಿಳಿಯಬೇಕು? ಈ ಮಾತು ಇವತ್ತು ಹೊಳೆಯುತ್ತದೆ. ಅವತ್ತು ನಾನು ಮುತ್ಯಾನ ಹಾಗೆ ಹೆಗಲ ಟಾವೆಲ್ ತೆಗೆದು ಉಸ್ತಾದನ ಕೈ ಮೇಲೆ ಹೊದಿಸಿ, ಒಳಗೆ ಅವನ ಬೆರಳು ಹಿಡಿದೆ. ದನದ ವ್ಯಾಪಾರ ಕುದುರುವುದು ಹಾಗೆ. ಪಾಪ, ಅವನಿಗೆ ಕಚಗುಳಿಯಾಯಿತು.

"ಫಸ್ಟ್ ಕ್ಲಾಸ್!" ಎಂದು ಸಾರಿದೆ. "ಶರಣ್ಯಾ, ಕಣ್ಮುಚ್ಚಿ ಹೊಡಕೊಂಡು ನಡಿ!"

"ಮುತ್ಯಾನ ಮೊಮ್ಮಗ ಬಿಡಪ್ಪಾ," ಎಂದು ಯಾರೋ ಬೆನ್ನು ಚಪ್ಪರಿಸಿದರು.

ಆಮೇಲೆ ಸೈಕಲ್ ಎತ್ತಲು ಪೆಡಲ್ಲಿಗೆ ಕೈ ಹಾಕಿದೆ. ಕಟ್ ಎಂದಿತು. ಬಗ್ಗಿ ನೋಡಿದೆ. ಪೆಡಲ್ಲಿನ ತೋಳು ಗಾಲಿಯ ಅಚ್ಚಿಗೆ ಕೂಡುವ ಕಡೆ ಒಂದು ಪಿನ್ನು ಇರುತ್ತದಲ್ಲ, ಅದು ಸವೆದು ಸಡಿಲಾಗಿತ್ತು. ಸಂದಿಗೆ ಮಡಚಿದ ತಗಡಿನ ಚೂರು ಬಡಿದು, ಮೇಲೆ ಕೆಂಪು ಬಣ್ಣ ಬಳಿದಿದ್ದರು. ಮುದಿ ಎತ್ತಿನ ಕೋಡು ಕೆರೆದು ಎಣ್ಣೆ ಹಚ್ಚಿ ಸಂತೆಗೆ ತರುವುದನ್ನು ಮುತ್ಯಾ ನನಗೆ ಎಷ್ಟು ಸಲ ತೋರಿಸಿರಲಿಲ್ಲ! ಅದೇ ಇದು ಎಂದು ತಕ್ಷಣ ತಿಳಿಯಿತು.

ಹುಟ್ಟಿದಂದಿನಿಂದ ಮುಚ್ಚದ ನನ್ನ ಬಾಯಿ ಅವತ್ತು ಮುಚ್ಚಿತು. ಬೆನ್ನ ಮೇಲೆ ಚಪ್ಪರಿಸಿದ ಕೈ ಇನ್ನೂ ಬೆಚ್ಚಗಿತ್ತು. ತಲೆ ಎತ್ತಿದರೆ ಶರಣ್ಯಾ ನನ್ನನ್ನೇ ನೋಡುತ್ತಿದ್ದ.

"ಒಯ್ಯೋಣೇನ್ಲೇ?"

"ಒಯ್ಯೋಣ."

ಅವನು ಆಡಿನ ಹಗ್ಗವನ್ನು ಉಸ್ತಾದನ ಹೆಂಡತಿಯ ಕೈಗೆ ಕೊಟ್ಟ. ಅದು ನಾಲ್ಕು ಹೆಜ್ಜೆ ಹೋಗಿ ತಿರುಗಿ ಒದರಿತು. ಶರಣ್ಯಾ ತಿರುಗಿ ನೋಡಲಿಲ್ಲ. ನಾನು ನೋಡಿದೆ.

ಒಂದೂವರೆ ತಿಂಗಳು ಸಾಲಿಯ ಗೋಡೆ ಹಿಡಿದು, ನನ್ನ ಹೆಗಲು ಹಿಡಿದು ಅವನು ಕಲಿತ. ಪ್ರತಿ ಸುತ್ತಿಗೆ ಕಟ್, ಕಟ್. ಹೇಳಿಬಿಡಲು ನನಗೆ ನೂರು ಸಲ ಅವಕಾಶವಿತ್ತು. ನೂರು ಸಲವೂ ಒಂದು ಜೋಕು ಹೇಳಿದೆ.

ಒಂದು ಸಂಜೆ ಅವನೇ ಕೇಳಿದ: "ಸಪ್ಪಳ ಜಾಸ್ತಿ ಆಗ್ಯಾದಲ್ಲೇನ್ಲೇ?"

"ಎತ್ತಿಗಿ ಗೆಜ್ಜಿ ಕಟ್ಟಂಗಿಲ್ಲೇನು? ಹಂಗ ಇದಕ್ಕೂ," ಅಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ನಕ್ಕ. ಮತ್ತೆ ಹತ್ತಿದ.

ಗ್ಯಾದರಿಂಗ್ ದಿನ ಮೈಕು ನನ್ನ ಕೈಯಲ್ಲಿತ್ತು. ಬೇರೆ ಯಾರ ಕೈಯಲ್ಲಿರುತ್ತದೆ? "ನಮ್ಮೂರ ಉಸ್ತಾದ್ ಬಂದಾನ, ದಾರಿ ಬಿಡ್ರಿ!" ಎಂದು ಒದರಿದೆ. ಶರಣ್ಯಾ ಕೈ ಚಾಚಿಕೊಂಡು ಒಂದು ಸುತ್ತು ಹೊಡೆದ. ಗೌರಮ್ಮತ್ತಿ ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದಳು. ಎರಡನೆಯ ಸುತ್ತಿನಲ್ಲಿ ಪೆಡಲ್ ಕಳಚಿ ಹಾರಿತು. ಅವನು ಮೊಳಕೈ ಮೇಲೆ ಬಿದ್ದ. ಆ ಸಪ್ಪಳವನ್ನು ಕಟ್ ಎಂದು ಬರೆಯಲು ನನಗೆ ಮನಸ್ಸಿಲ್ಲ.

ಹೆಡ್‌ಮಾಸ್ತರರು ಕಳಚಿದ ಪೆಡಲ್ ಹಿಡಿದುಕೊಂಡು ಕೆಂಡವಾದರು. "ತಗಡ ಬಡದಾರಲ್ಲೋ ಇದಕ್ಕ! ಯಾವ ಶ್ಯಾಣ್ಯಾ ನೋಡಿ ಕೊಡ್ಸಿದ ಇದನ್ನ?"

ಮೈಕು ನನ್ನ ಬಾಯಿಯ ಮುಂದೆಯೇ ಇತ್ತು. ಒಂದು ಉಸಿರೂ ಅದರೊಳಗೆ ಹೋಗಲಿಲ್ಲ.

"ನಾನೇ ನೋಡಿ ತಗೊಂಡೇನ್ರಿ ಸರ್," ಅಂದ ಶರಣ್ಯಾ ನೆಲದ ಮೇಲಿಂದ.

ಅಫಜಲಪುರದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಬಿಚ್ಚಿದಾಗ ಕೈ ಪೂರ್ತಿ ನೆಟ್ಟಗಾಗಲಿಲ್ಲ. ನಾನು ದಿನಾ ಹೋಗಿ ಅವನನ್ನು ನಗಿಸುತ್ತಿದ್ದೆ. ಗೌರಮ್ಮತ್ತಿ ನನಗೆ ಕರಿ ಚಹಾ ಕೊಟ್ಟು, "ಹಾಲಿಲ್ಲಪ್ಪಾ ಮಲ್ಯಾ, ಹಂಗ ಕುಡಿ," ಎನ್ನುತ್ತಿದ್ದಳು. ಆಕೆಯ ಮಾತಿನಲ್ಲಿ ಚುಚ್ಚುವಂಥದ್ದು ಏನೂ ಇರುತ್ತಿರಲಿಲ್ಲ. ಅದಕ್ಕೇ ಆ ಚಹಾ ಲೋಟದಲ್ಲೇ ತಣ್ಣಗಾಗುತ್ತಿತ್ತು.

ಈಗ ಮೀಸೆ ಬಂದು ಆರೇಳು ವರ್ಷವಾಯಿತು. ಸೈಕಲ್ ಆಟದವರು ಬರುವುದು ನಿಂತಿದೆ, ಬಯಲಲ್ಲಿ ಅಂಗಡಿಗಳಾಗಿವೆ. ಮುತ್ಯಾ ಹೋದ. ಟ್ರ್ಯಾಕ್ಟರಿನ ಹಲ್ಲು ಯಾರೂ ನೋಡುವುದಿಲ್ಲ. ನಾನು ಈಗಲೂ ನಾಲ್ಕು ಜನರ ನಡುವೆ ದೊಡ್ಡ ಬಾಯಿ ಮಾಡುತ್ತೇನೆ. ಆದರೆ ಹೇಳಿ ಮುಗಿಸುವುದರೊಳಗೆ ಯಾರಾದರೊಬ್ಬರು ಸುಳ್ಳೆಂದು ಅಲ್ಲೇ ಎತ್ತಿ ಆಡುತ್ತಾರೆ, ಉಳಿದವರು ನಗುತ್ತಾರೆ. ಅಂಥ ಹೊತ್ತಿನಲ್ಲೆಲ್ಲ ಶರಣ್ಯಾ ನೆನಪಾಗುತ್ತಾನೆ.

ಅವನು ಈಗ ಕರಜಗಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಹೋದ ಚಳಿಗಾಲ ಗಾಣಗಾಪುರದಲ್ಲಿ ಸಿಕ್ಕಿದ. ಹೊಳೆಯ ದಂಡೆಯಲ್ಲಿ ಕೂತು ಹಸಿ ಕಡಲೆಯ ಸುಲಗಾಯಿ ಬಿಡಿಸಿ ತಿನ್ನುತ್ತಿದ್ದೆವು. ಅವನ ಎಡಗೈ ಅರ್ಧ ಮಡಚಿಕೊಂಡೇ ಇತ್ತು. ಜೀವನದಲ್ಲಿ ಮೊದಲ ಸಲ ಜೋಕು ಸೇರಿಸದೆ ಒಂದು ಮಾತು ಆಡಿದೆ: ಆ ತಗಡನ್ನು ನಾನು ಅವತ್ತೇ ನೋಡಿದ್ದೆ ಎಂದು.

"ನಾನೂ ನೋಡಿದ್ದೆ," ಅಂದ ಶರಣ್ಯಾ, ಕಡಲೆ ಸಿಪ್ಪೆ ನೀರಿಗೆ ಒಗೆಯುತ್ತ. "ನೀ ನೋಡಿದ್ದೂ ನೋಡಿದ್ದೆ."

"ಮತ್ತ ಯಾಕ ತಗೊಂಡಿ ಲೇ?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

"ಅಷ್ಟ ಮಂದಿ ಮುಂದ ನೀ ಛಲೋ ಅದ ಅಂದುಬಿಟ್ಟಿದ್ದಿ. ನಾನೇ ಬ್ಯಾಡ ಅಂದಿದ್ರ, ನಿನ್ನ ಮಾತಿಗಿ ಊರಾಗ ಮತ್ತ ಯಾರ ಕಿಮ್ಮತ್ತ ಕೊಡ್ತಿದ್ರೋ ಹುಚ್ಚಾ?"